ನೆಲಕ್ಕೆ ತಕ್ಕ ಮೆಟ್ಟು

ಕನ್ನಡದಲ್ಲಿ ‘ಮೆಟ್ಟು’ ಎಂದರೆ ತುಳಿ ಎಂದೂ ಅರ್ಥ, ತುಳಿಯುವ ಪಾದವನ್ನು ಕಾಯುವ ಪಾದರಕ್ಷೆ ಎಂದೂ ಅರ್ಥ. ನೆಲಕ್ಕೂ ಪಾದರಕ್ಷೆಗೂ ಇರುವ ನಂಟನ್ನು ಈ ಒಂದೇ ಪದ ಹಿಡಿದಿಟ್ಟಿದೆ. ಆ ನಂಟು ಕಠಿಣ ಪರೀಕ್ಷೆಗೆ ಒಳಗಾಗುವ ಕ್ರೀಡೆಗಳಲ್ಲಿ ಕಾಡುಹಾದಿಯ ಟ್ರಯಾಥ್ಲಾನ್ ಒಂದು.

ತೆರೆದ ನೀರಿನಲ್ಲಿ ಈಜು, ಬಳಿಕ ಮೌಂಟನ್ ಬೈಕ್ ಸವಾರಿ, ಕೊನೆಗೆ ಕಾಲುದಾರಿಯ ಓಟ: ಮೂರೂ ಬಿಡುವಿಲ್ಲದೆ ಒಂದರ ಹಿಂದೊಂದು ನಡೆಯುತ್ತವೆ. ಈ ಬಗೆಯ ಸ್ಪರ್ಧೆಗಳಲ್ಲಿ ಹೆಸರಾದ ಎಕ್ಸ್‌ಟೆರಾ 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಆರಂಭವಾಯಿತು. ಅದರ ಪೂರ್ಣ ಸ್ಪರ್ಧೆಯಲ್ಲಿ ಸುಮಾರು 1.5 ಕಿ.ಮೀ. ಈಜು, 30 ಕಿ.ಮೀ. ಸವಾರಿ ಮತ್ತು 10 ಕಿ.ಮೀ. ಓಟ ಇರುತ್ತವೆ. ಓಟ ಕೊನೆಗೆ ಬರುವುದೇ ಇಲ್ಲಿನ ಮುಖ್ಯ ಸಂಗತಿ. ಪೆಡಲಿನ ಲಯಕ್ಕೆ ಒಗ್ಗಿಹೋದ ಕಾಲುಗಳು ಓಟದ ಲಯಕ್ಕೆ ತಕ್ಷಣ ಮರಳುವುದಿಲ್ಲ. ದಣಿದ ಪಾದ ನೆಲದಿಂದ ಸಾಕಷ್ಟು ಮೇಲೇಳದು. ಬೇರು ಎಡವುತ್ತದೆ, ಕಲ್ಲಿನ ಮೇಲೆ ಹೊರಳುತ್ತದೆ. ಆದುದರಿಂದ ಶೂ ಆಯ್ಕೆ ವೇಗದ ವಿಷಯವಷ್ಟೇ ಅಲ್ಲ, ಕಣಕಾಲಿನ ಕ್ಷೇಮದ ವಿಷಯವೂ ಹೌದು.

ಆಯ್ಕೆಯ ಮೊದಲ ಹೆಜ್ಜೆ ನೆಲವನ್ನು ಅರಿಯುವುದು. ಎಕ್ಸ್‌ಟೆರಾ ವಿಶ್ವ ಚಾಂಪಿಯನ್‌ಶಿಪ್ ನಡೆದ ಮೂರು ತಾಣಗಳೇ ಇದಕ್ಕೆ ಉತ್ತಮ ನಿದರ್ಶನ. ಮಾವಿಯ ವೈಲಿಯಾದಲ್ಲಿ ಒಣ ಧೂಳು, ಹರಿತವಾದ ಲಾವಾ ಕಲ್ಲು ಮತ್ತು ಕಿಯಾವೆ ಮರದ ಮುಳ್ಳು. ಕಿಯಾವೆ ನಮ್ಮ ಬಳ್ಳಾರಿ ಜಾಲಿಯ ಕುಲಕ್ಕೇ ಸೇರಿದುದು. ಆದವಾನಿ, ರಾಯದುರ್ಗದ ಬಯಲು ಕಂಡವರಿಗೆ ಅದರ ಮುಳ್ಳಿನ ಬಲವನ್ನು ವಿವರಿಸಬೇಕಾಗಿಲ್ಲ. ಅದೇ ದ್ವೀಪದ ಕಪಾಲುವಾದಲ್ಲಿ ಮಳೆ ಬಂದರೆ ಬೆಟ್ಟದ ಹಾದಿ ಜಾರುವ ಕೆಸರಾಗುತ್ತದೆ. 2022ರಲ್ಲಿ ಸ್ಪರ್ಧೆ ನೆಲೆಗೊಂಡ ಇಟಲಿಯ ಮೊಲ್ವೇನೊ, ಸರೋವರದ ದಂಡೆಯ ಪರ್ವತ ಪ್ರದೇಶ. ಅಲ್ಲಿ ಏರಿಳಿತದ ಕಾಡುದಾರಿಗಳಿವೆ. ಸ್ಪರ್ಧೆ ಒಂದೇ, ನೆಲ ಮೂರು ಬಗೆ. ಒಂದೆಡೆ ಒಪ್ಪಿದ ಶೂ ಇನ್ನೊಂದೆಡೆ ಒಪ್ಪಬೇಕೆಂದಿಲ್ಲ.

ನೆಲದೊಡನೆ ನೇರವಾಗಿ ವ್ಯವಹರಿಸುವುದು ಅಟ್ಟೆ. ಅದರ ತಳದಲ್ಲಿರುವ ರಬ್ಬರಿನ ಹಲ್ಲುಗಳು ಮಣ್ಣನ್ನು ಕಚ್ಚಿ ಹಿಡಿಯುತ್ತವೆ. ಗಟ್ಟಿ ನೆಲಕ್ಕೆ 2–3 ಮಿ.ಮೀ. ಎತ್ತರದ ಹಲ್ಲು ಸಾಕು. ಮಿಶ್ರ ಹಾದಿಗೆ 4–5 ಮಿ.ಮೀ., ಆಳವಾದ ಕೆಸರಿಗೆ 6 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬೇಕು. ಎತ್ತರದಷ್ಟೇ ಅಂತರವೂ ಮುಖ್ಯ. ಹಲ್ಲುಗಳು ಒತ್ತೊತ್ತಾಗಿದ್ದರೆ ಅವುಗಳ ನಡುವೆ ಕೆಸರು ಮೆತ್ತಿಕೊಂಡು ತಳ ನುಣುಪಾಗುತ್ತದೆ. ದೂರದೂರವಿದ್ದರೆ ಪ್ರತಿ ಹೆಜ್ಜೆಗೂ ಕೆಸರು ಉದುರುತ್ತದೆ. ಆದರೆ ಅದೇ ಉದ್ದ ಹಲ್ಲುಗಳು ಬಂಡೆಯ ಮೇಲೆ ನೆಲವನ್ನು ಸಾಕಷ್ಟು ಮುಟ್ಟದೆ ಅಲುಗಾಡುತ್ತವೆ. ಒದ್ದೆ ಕಲ್ಲು ಮತ್ತು ಬೇರುಗಳ ಮೇಲೆ ಹಿಡಿತ ಕೊಡುವುದು ಹಲ್ಲಿಗಿಂತ ಮೆದು ರಬ್ಬರು. ಮೆದು ರಬ್ಬರು ಬೇಗ ಸವೆಯುತ್ತದೆ ಎಂಬುದು ಅದರ ಬೆಲೆ.

ಚೂಪು ಕಲ್ಲಿನ ಹಾದಿಯಲ್ಲಿ ಅಟ್ಟೆಯೊಳಗೆ ತೆಳು ರಕ್ಷಾಫಲಕವೂ ಬೆರಳುಗಳ ಮುಂದೆ ಗಟ್ಟಿ ಕವಚವೂ ಇರುವುದು ಒಳಿತು. ದಪ್ಪ ಮೆತ್ತೆ ಹಿತವೆನಿಸಿದರೂ ಪಾದ ನೆಲದಿಂದ ಮೇಲೇರಿದಷ್ಟೂ ಕಣಕಾಲು ಹೊರಳುವ ಸಾಧ್ಯತೆ ಹೆಚ್ಚು. ತೂಕಕ್ಕೂ ಲೆಕ್ಕವಿದೆ: ಒಂದೊಂದು ಶೂವಿಗೆ 100 ಗ್ರಾಂ ಹೆಚ್ಚಾದರೆ ಓಟಕ್ಕೆ ಬೇಕಾಗುವ ಆಮ್ಲಜನಕ ಸುಮಾರು ಶೇ. 1ರಷ್ಟು ಹೆಚ್ಚುತ್ತದೆ. ರಕ್ಷಣೆ ಮತ್ತು ಹಗುರತನಗಳ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಹಾದಿಯೇ ನಿರ್ಧರಿಸಬೇಕು.

ಟ್ರಯಾಥ್ಲಾನಿನ ಓಟಗಾರನ ಪಾದ ಒದ್ದೆಯಾಗಿಯೇ ಇರುವುದು ಸಾಮಾನ್ಯ. ಆದಕಾರಣ ನೀರು ಒಳಬರದಂತೆ ತಡೆಯುವ ಶೂವಿಗಿಂತ, ಒಳಬಂದ ನೀರನ್ನು ಬೇಗ ಹೊರಬಿಡುವ ಜಾಳಿಗೆ ಬಟ್ಟೆಯ ಶೂ ಲೇಸು. ಜಲನಿರೋಧಕ ಶೂವಿನೊಳಗೆ ಮೇಲಿನಿಂದ ನೀರು ಹೊಕ್ಕರೆ ಅದು ಅಲ್ಲಿಯೇ ನಿಂತು ಭಾರವಾಗುತ್ತದೆ. ಹಲವರು ಸಮಯ ಉಳಿಸಲು ಕಾಲುಚೀಲವಿಲ್ಲದೆ ಓಡುವುದರಿಂದ ಒಳಹೊಲಿಗೆ ಉಜ್ಜದಂತಿರಬೇಕು. ಗಂಟು ಕಟ್ಟಬೇಕಿಲ್ಲದ ಎಲಾಸ್ಟಿಕ್ ಲೇಸು ಕೆಲವು ಕ್ಷಣ ಉಳಿಸುತ್ತದೆ. ಆದರೆ ಅದು ಸಡಿಲವಾದರೆ ಕೆಸರೇ ಶೂವನ್ನು ಕಿತ್ತುಕೊಳ್ಳುತ್ತದೆ.

ಅಳತೆ ನೋಡುವಾಗ ಸಂಜೆಯ ಹೊತ್ತು ಸೂಕ್ತ. ಆಗ ಪಾದ ಕೊಂಚ ಊದಿರುತ್ತದೆ. ಕಾಲ್ಬೆರಳುಗಳ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಇಲ್ಲವಾದರೆ ಇಳಿಜಾರಿನಲ್ಲಿ ಬೆರಳುಗಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುತ್ತದೆ. ಹಿಮ್ಮಡಿ ಮಾತ್ರ ಒಳಗೆ ಕದಲಬಾರದು.

ಅಂಗಡಿಯ ನುಣುಪು ನೆಲ ಇವಾವುದನ್ನೂ ಪೂರ್ತಿ ಹೇಳಲಾರದು. ಶೂವನ್ನು ನೀರಿನಲ್ಲಿ ನೆನೆಸಿ, ಸೈಕಲ್ ಸವಾರಿಯ ಬೆನ್ನಿಗೇ, ಸ್ಪರ್ಧೆಯ ಹಾದಿಯನ್ನು ಹೋಲುವ ನೆಲದಲ್ಲಿ ಓಡಿ ನೋಡಿದಾಗಲೇ ಅದರ ಗುಣದೋಷ ತಿಳಿಯುತ್ತದೆ. ಸ್ಪರ್ಧೆಯ ದಿನ ಹೊಸ ಶೂ ತೊಡುವುದು ಪರೀಕ್ಷೆಯ ದಿನ ಹೊಸ ಪುಸ್ತಕ ತೆರೆದಂತೆ.