ನೇಗಿಲು ಆರಿಸುವ ಕಳೆ

ಕಡೂರಿನ ಕೆಂಪು ಹೊಲಗಳಲ್ಲಿ ರಾಗಿಯ ಪೈರು ಗೇಣುದ್ದ ಎದ್ದು ನಿಂತಿರುವಾಗ, ಬದುವಿನ ಮೇಲೆ ಕುಳಿತು ಒಂದು ಮಾರು ನೆಲವನ್ನು ಸಾವಧಾನವಾಗಿ ನೋಡಿದವನಿಗೆ, ಕೂರಿಗೆಯ ಸಾಲುಗಳ ನಡುವೆ ತಲೆಯೆತ್ತಿದ ಅಣ್ಣೆ, ಗರಿಕೆ, ತುಂಗೆಗಳಲ್ಲಿ ಆ ಹೊಲದ ಉಳುಮೆಯ ಚರಿತ್ರೆಯೇ ಬರೆದಿರುವುದು ಗೋಚರವಾಗುತ್ತದೆ.

ಅಣ್ಣೆಯ ಬೀಜವು ಸಾಸಿವೆಗಿಂತ ಕಿರಿದು, ಕಪ್ಪಾಗಿ ಮಿರುಗುವಂಥದು. ನೇಗಿಲು ಕೆಳಕ್ಕೆ ಹೊರಳಿಸಿದ ಕಳೆಬೀಜಗಳಲ್ಲಿ ಅನೇಕವು ಸಾಯದೆ, ಕತ್ತಲಲ್ಲಿ ಸುಪ್ತವಾಗಿ ಕಾಯುತ್ತವೆ. ಅಮೆರಿಕದ ಮಿಷಿಗನ್ನಿನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯಶಾಸ್ತ್ರಜ್ಞರು 1879ರಲ್ಲಿ ಬೀಜ ತುಂಬಿದ 20 ಸೀಸೆಗಳನ್ನು ಹೂತಿಟ್ಟರು. 2021ರಲ್ಲಿ ಅಗೆದು ತೆಗೆದ ಸೀಸೆಯಲ್ಲಿ, 142 ವರ್ಷಗಳ ಅನಂತರವೂ ಕೆಲವು ಬೀಜಗಳು ಮೊಳೆತವು! ಎಷ್ಟೋ ಕಳೆಬೀಜಗಳಲ್ಲಿ ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯವಿರುವುದರಿಂದ, ಮಣ್ಣು ಮಗುಚುವಾಗ ತಗುಲುವ ಕ್ಷಣಕಾಲದ ಬೆಳಕೇ ಅವುಗಳನ್ನು ಎಬ್ಬಿಸಲು ಸಾಕಾಗುತ್ತದೆ. ಮೊದಲ ಮಳೆಗೆ ಉತ್ತು, ಎದ್ದ ಕಳೆಯನ್ನು ಕುಂಟೆ ಹೊಡೆದು ಅಳಿಸಿ, ಆಮೇಲೆ ಬಿತ್ತುವ ರೈತನ ತಾಳ್ಮೆಯಲ್ಲಿ ಈ ಶಾಸ್ತ್ರವೆಲ್ಲ ಅಡಗಿದೆ. ಎಳೆಯ ಅಣ್ಣೆಯಂತೂ ಕಿತ್ತವರ ಮಡಿಲು ಸೇರಿ, ಸಂಜೆಗೆ ಬೆರಕೆಸೊಪ್ಪಿನ ಸಾರಾಗುತ್ತದೆ.

ಗರಿಕೆಯ ಮಾತು ಬೇರೆ. ಅದು ಬೀಜವನ್ನು ನೆಚ್ಚಿ ಬಾಳುವುದಲ್ಲ; ಅದರ ಬಲವೆಲ್ಲ ಗೆಣ್ಣಿನಲ್ಲಿ. ಅಮೃತಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರದ ಸೀಮೆಯಲ್ಲಿ ಎತ್ತುಗಳು ಎಳೆಯುವ ಕುಂಟೆಯು ಗರಿಕೆಯ ಬಳ್ಳಿಯನ್ನು ನೆಲದೊಳಗಿಂದ ಉದ್ದಕ್ಕೆ ಎಳೆದು ಬಿಸಿಲಿಗೆ ಹಾಕಿದರೆ, ರೋಟವೇಟರು ಅದೇ ಬಳ್ಳಿಯನ್ನು ತುಂಡುತುಂಡಾಗಿ ಕತ್ತರಿಸಿ ಮಣ್ಣಿನಲ್ಲಿ ಬೆರೆಸುತ್ತದೆ. ನೆಲ ಹಸಿಯಾಗಿದ್ದರೆ ಗೆಣ್ಣುಳ್ಳ ಒಂದೊಂದು ತುಂಡೂ ಹೊಸ ಗಿಡವಾಗಬಲ್ಲುದು. ಬೇಸಗೆಯ ಬಿರುಬಿಸಿಲಿಗೆ ಸಿಕ್ಕರೆ ಒಣಗಿ ಸಾಯುತ್ತದೆ. ತುಂಗೆಯ ಗೆಡ್ಡೆಗೂ ಇದೇ ಗತಿ. ಆದುದರಿಂದ ಯಂತ್ರವನ್ನು ದೂರುವುದಕ್ಕಿಂತ ಅದನ್ನು ಹೊಲಕ್ಕೆ ಇಳಿಸುವ ಕಾಲವನ್ನು ವಿಚಾರಿಸುವುದು ಯುಕ್ತವೆಂದು ನನ್ನ ಭಾವನೆ. ಉಳುಮೆಯನ್ನೇ ಬಿಟ್ಟರೆ ಬೀಜಗಳು ಮೇಲೆಯೇ ಉಳಿದು ಇರುವೆಗಳಿಗೆ ಆಹಾರವಾಗುವುದುಂಟು; ಆದರೆ ಕೆಲವು ವರ್ಷಗಳಲ್ಲಿ ಗರಿಕೆಯಂಥ ಬಹುವಾರ್ಷಿಕಗಳು ನೆಲ ಹಿಡಿಯುತ್ತವೆ.

ತರೀಕೆರೆಯ ಕಡೆ, ಲಕ್ಕವಳ್ಳಿಯ ಭದ್ರಾ ಜಲಾಶಯದ ನೀರುಂಡ ಗದ್ದೆಗಳಲ್ಲಿ, ಕೆಸರು ಮಾಡಿ ನೀರು ನಿಲ್ಲಿಸುವುದರಿಂದ ಹೊಲದ ಕಳೆಗಳಲ್ಲಿ ಬಹುಪಾಲು ಉಸಿರುಗಟ್ಟಿ ಅಳಿಯುತ್ತವೆ. ಅಲ್ಲಿ ಉಳಿಯುವುದು ಭತ್ತವನ್ನೇ ಹೋಲುವ ಎಕೈನೋಕ್ಲೋವಾ ಎಂಬ ಹುಲ್ಲು. ಕಳೆ ಕೀಳುವ ಹೆಂಗಸಿನ ಕೈಯಿಂದ ಅದು ತಪ್ಪಿಸಿಕೊಳ್ಳುವುದು ಆ ಹೋಲಿಕೆಯ ಬಲದಿಂದಲೇ. ಗರಿಯು ದಂಟನ್ನು ಕೂಡುವೆಡೆಯಲ್ಲಿ ಭತ್ತಕ್ಕೆ ತೆಳುಪೊರೆಯ ಪುಟ್ಟ ನಾಲಗೆಯೊಂದುಂಟು, ಈ ಹುಲ್ಲಿಗೆ ಅದಿಲ್ಲ.