ಸೂಜಿಗೂ ಮೊದಲೇ ನೋವಿಗೆ ಮದ್ದು

ಕುಮಟಾದ ಸಂತೆಗುಳಿಯಂಥ ಊರಿನಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ಮನೆಯವರಿಗೆ ಮೊದಲು ಎದುರಾಗುವುದು ದಾರಿಯ ಚಿಂತೆ. ಹೆದ್ದಾರಿ ಹಿಡಿದು ಮಣಿಪಾಲಕ್ಕೆ ಹೋಗಬೇಕು, ಇಲ್ಲವೇ ಘಟ್ಟ ಹತ್ತಿ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ. ಎರಡೂ ನೂರು ಕಿಲೋಮೀಟರಿಗಿಂತ ದೂರ. ಅಷ್ಟು ದೂರ ಹೋದವರು ರೋಗದ ನೋವನ್ನು ವೈದ್ಯರಿಗೆ ಹೇಳುತ್ತಾರೆ. ಪರೀಕ್ಷೆ, ಚಿಕಿತ್ಸೆಗಳಿಂದಲೇ ಬರುವ ನೋವನ್ನು ಮಾತ್ರ ‘ಇದೆಲ್ಲ ಇದ್ದದ್ದೇ’ ಎಂದು ಹಲ್ಲು ಕಚ್ಚಿ ಸಹಿಸುತ್ತಾರೆ. ಸಹಿಸಬೇಕಾಗಿಲ್ಲ. ಈ ನೋವು ಯಾವ ದಿನ, ಮೈಯ ಯಾವ ಜಾಗಕ್ಕೆ ಬರುತ್ತದೆಂದು ಮುಂಚೆಯೇ ತಿಳಿದಿರುತ್ತದೆ. ಮದ್ದನ್ನೂ ಮುಂಚೆಯೇ ಕೊಡಲು ಸಾಧ್ಯ.

ಅಸ್ಥಿಮಜ್ಜೆ ಪರೀಕ್ಷೆಯನ್ನೇ ನೋಡಿ. ಸೊಂಟದ ಹಿಂಬದಿಯ ಮೂಳೆಗೆ ದಪ್ಪ ಸೂಜಿ ಇಳಿಸಿ ಒಳಗಿನ ಮಜ್ಜೆಯನ್ನು ಹೀರುತ್ತಾರೆ. ಅದಕ್ಕೂ ಮೊದಲು ಕೊಡುವ ಲಿಡೊಕೇಯ್ನ್ ಇಂಜೆಕ್ಷನ್, ನರಗಳೊಳಕ್ಕೆ ಸೋಡಿಯಂ ಹೋಗದಂತೆ ತಡೆಯುತ್ತದೆ. ನೋವಿನ ಸಂದೇಶ ಅಲ್ಲೇ ನಿಲ್ಲುತ್ತದೆ. ಚರ್ಮವೂ ಮೂಳೆಯ ಮೇಲಿನ ಪೊರೆಯೂ ಮರಗಟ್ಟುತ್ತವೆ. ಆದರೆ ಮೂಳೆಯ ಒಳಭಾಗಕ್ಕೆ ಆ ಮದ್ದು ತಲುಪದು. ಹಾಗಾಗಿಯೇ ಮಜ್ಜೆ ಹೀರುವ ಕೆಲವು ಸೆಕೆಂಡು ತೀವ್ರವಾಗಿ ನೋಯುವುದುಂಟು. ಭಯ ಹೆಚ್ಚಿದ್ದವರು ಮಂಪರು ಬರಿಸುವ ಮದ್ದು ಕೊಡಲಾಗುತ್ತದೆಯೇ ಎಂದು ಕೇಳಬೇಕು. ಲಿಡೊಕೇಯ್ನ್ ಆಮ್ಲೀಯವಾದ್ದರಿಂದ ಅದೇ ಉರಿ ತರುತ್ತದೆ. ತುಸು ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ ನಿಧಾನವಾಗಿ ಚುಚ್ಚಿದರೆ ಆ ಉರಿಯೂ ತಗ್ಗುತ್ತದೆ.

ಮಕ್ಕಳ ವಿಷಯದಲ್ಲಿ ಮೊದಲ ಸಲವೇ ಎಲ್ಲಕ್ಕಿಂತ ಮುಖ್ಯ. ರಕ್ತದ ಕ್ಯಾನ್ಸರ್ ಇರುವ ಮಗುವಿನ ಬೆನ್ನುಹುರಿಯ ದ್ರವಕ್ಕೆ ಸೂಜಿಯ ಮೂಲಕ ಮದ್ದು ಹಾಕುವುದು ಒಂದೆರಡು ಸಲಕ್ಕೆ ಮುಗಿಯುವುದಿಲ್ಲ. ಅಮೆರಿಕದ ವೈದ್ಯ ಸ್ಟೀವನ್ ವೈಸ್‌ಮನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಓದಬೇಕೆಂದು ನನಗನಿಸುತ್ತದೆ. ಮೊದಲ ಸಲ ನಿಜವಾದ ನೋವುನಿವಾರಕ ಸಿಗದ ಎಂಟು ವರ್ಷದೊಳಗಿನ ಮಕ್ಕಳಿಗೆ, ಮುಂದಿನ ಸಲಗಳಲ್ಲಿ ಸರಿಯಾದ ಮದ್ದು ಕೊಟ್ಟರೂ ಹೆಚ್ಚು ನೋವಾಗುತ್ತಿತ್ತು. ಭಯ ಆಗಲೇ ಮನಸ್ಸಿನಲ್ಲಿ ಬೇರೂರಿದ್ದಿರಬಹುದು.

ಕಿಮೋ ಮದ್ದು ಹಾಕಲು ಚರ್ಮದಡಿ ಕೂರಿಸಿದ ಪೋರ್ಟಿಗೆ ಸೂಜಿ ಹಾಕುವಾಗ, ರಕ್ತ ತೆಗೆಯುವಾಗ ಲಿಡೊಕೇಯ್ನ್–ಪ್ರಿಲೊಕೇಯ್ನ್ ಮುಲಾಮು ಸಾಕು. ಆದರೆ ಅದು ಚರ್ಮದೊಳಕ್ಕೆ ಇಳಿಯಲು ಒಂದು ಗಂಟೆಯಾದರೂ ಬೇಕು. ಸರದಿ ಬಂದಮೇಲೆ ಹಚ್ಚಿದರೆ ಫಲವಿಲ್ಲ. ಮಣಿಪಾಲಕ್ಕೆ ಹೋಗುವವರು ವೈದ್ಯರು ತೋರಿಸಿಕೊಟ್ಟ ಜಾಗಕ್ಕೆ ಕುಂದಾಪುರದ ಹತ್ತಿರ ಬಂದಾಗಲೇ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿಕೊಳ್ಳಬಹುದು. ಎಳೆಗೂಸುಗಳಿಗೆ ಮಾತ್ರ ವೈದ್ಯರನ್ನು ಕೇಳದೆ ಹಚ್ಚಬಾರದು.

ಮೂಳೆಗೆ ಕ್ಯಾನ್ಸರ್ ಹರಡಿದವರಿಗೆ ರೇಡಿಯೇಷನ್ ಕಿರಣ ನೋಯುವುದಿಲ್ಲ. ಗಟ್ಟಿ ಹಲಗೆಯ ಮೇಲೆ ಅಲುಗಾಡದೆ ಮಲಗುವುದು ನೋಯುತ್ತದೆ. ಈಗಾಗಲೇ ಮಾರ್ಫಿನ್ ತೆಗೆದುಕೊಳ್ಳುತ್ತಿರುವವರಿಗೆ ವೈದ್ಯರು ಅರ್ಧ–ಒಂದು ಗಂಟೆ ಮುಂಚೆ ಒಂದು ಡೋಸು ಬರೆದುಕೊಡಬಲ್ಲರು. ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ನುಂಗಿ ಹೊರಡುವುದು ಮಾತ್ರ ಬೇಡ. ಕಿಮೋದಿಂದ ಪ್ಲೇಟ್‌ಲೆಟ್ ಕುಸಿದಿರುವಾಗ ಐಬುಪ್ರೊಫೇನ್, ಡೈಕ್ಲೊಫೆನಾಕ್‌ಗಳು ಉಳಿದ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸುತ್ತವೆ, ಸೂಜಿ ಹಾಕಿದ ಜಾಗದಲ್ಲಿ ರಕ್ತ ನಿಲ್ಲುವುದು ಕಷ್ಟವಾಗುತ್ತದೆ.