ವೈರು ಹೋಯಿತು, ಜಾಡು ಉಳಿಯಿತು

ಸ್ಲಾಟ್ ಕಾರ್ ಆಟ ನಡೆಯುತ್ತಿರುವ ಮನೆಗೆ ಹೋದವರ ಕಾಲಿಗೆ ಮೊದಲು ತಾಗುವುದು ವೈರು. ಹಾಲಿನ ತುಂಬ ಹಾಸಿದ ಕಪ್ಪು ಪ್ಲಾಸ್ಟಿಕ್ ರಸ್ತೆ, ಅದರ ಒಂದು ಬದಿಗೆ ಕರೆಂಟಿನ ಪೆಟ್ಟಿಗೆ, ಪೆಟ್ಟಿಗೆಯಿಂದ ಹೊರಟ ಎರಡು ವೈರು, ಅವುಗಳ ತುದಿಯ ಕಂಟ್ರೋಲರ್ ಹಿಡಿದು ಭುಜಕ್ಕೆ ಭುಜ ತಾಗಿಸಿ ಕೂತ ಇಬ್ಬರು. ಆಚೆ ತುದಿಯ ತಿರುವಿನಲ್ಲಿ ಕಾರು ಹಾರಿ ಬಿತ್ತೆನ್ನಿ, ಎತ್ತಿಡಲು ಯಾರಾದರೂ ಏಳಲೇಬೇಕು. ಎದ್ದರೆ ವೈರು ಕಾಲಿಗೆ ತೊಡರುತ್ತದೆ, ವೈರು ಜಗ್ಗಿದರೆ ಪೆಟ್ಟಿಗೆ ಸರಿಯುತ್ತದೆ, ಪೆಟ್ಟಿಗೆ ಸರಿದರೆ ಟ್ರ್ಯಾಕಿನ ಕೀಲು ಕಳಚುತ್ತದೆ. ವೈರ್‌ಲೆಸ್ ಕಂಟ್ರೋಲರ್ ಕೊಂಡವರಲ್ಲಿ ಬಹುಪಾಲು ಜನ ಕೊಂಡಿದ್ದು ತಂತ್ರಜ್ಞಾನದ ಮೋಹಕ್ಕಲ್ಲ, ಈ ರಗಳೆ ಸಾಕಾಗಿ.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಬಂಡಿಜಾಡಿಗೆ ಬಿದ್ದ ಗಾಲಿ ಅತ್ತಿತ್ತ ಹೊರಳಲಾರದಲ್ಲ, ಸ್ಲಾಟ್ ಕಾರಿನದೂ ಅದೇ ಪಾಡು. ಟ್ರ್ಯಾಕಿನ ನಡುವೆ ಉದ್ದಕ್ಕೂ ಒಂದು ಸೀಳು. ಕಾರಿನ ಹೊಟ್ಟೆಯಡಿಯ ಪುಟ್ಟ ಪ್ಲಾಸ್ಟಿಕ್ ನಾಲಗೆ ಅದರೊಳಗೆ ಇಳಿದಿರುತ್ತದೆ. ಸೀಳಿನ ಎರಡೂ ಬದಿಗೆ ಲೋಹದ ಪಟ್ಟಿ. ಕಾರಿನಡಿ ಹೆಣೆದ ತಂತಿಯ ಎರಡು ಕುಚ್ಚುಗಳಿರುತ್ತವೆ, ಆಟಗಾರರ ಮಾತಿನಲ್ಲಿ ಬ್ರೇಡ್. ಅವು ಪಟ್ಟಿಯನ್ನು ಸವರುತ್ತ ಹೋಗಿ ಮೋಟಾರಿಗೆ ಕರೆಂಟು ತಂದುಕೊಡುತ್ತವೆ. ಸ್ಟಿಯರಿಂಗ್ ಇಲ್ಲ. ಆಡುವವನ ಕೈಯಲ್ಲಿರುವುದು ವೇಗ ಒಂದೇ. ಇಷ್ಟರಲ್ಲಿ ಆಟ ಏನು ಬಂತು ಎಂದು ಕೇಳುವವರು ಒಮ್ಮೆ ತಿರುವಿನಲ್ಲಿ ಕಾರು ಬಿಟ್ಟು ನೋಡಬೇಕು. ತುಸು ಜಾಸ್ತಿ ಕೊಟ್ಟರೆ ಕಾರು ಸೋಫಾದ ಕೆಳಗೆ, ತುಸು ಕಡಿಮೆಯಾದರೆ ಎದುರಾಳಿ ಮುಂದೆ.

ಇದನ್ನು ಮನೆಮನೆಗೆ ತಂದವರು ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್. ಅವರ ಮಿನಿಮಾಡೆಲ್ಸ್ ಕಂಪನಿ 1950ರ ದಶಕದ ಮೊದಲಲ್ಲಿ ಕೀಲಿ ಕೊಟ್ಟು ಓಡಿಸುವ ತಗಡಿನ ಕಾರುಗಳನ್ನು ಮಾರುತ್ತಿತ್ತು. ಮಾರಾಟ ಇಳಿಮುಖವಾದಾಗ ಅದೇ ಕಾರುಗಳಿಗೆ ಮೋಟಾರು ಕೂರಿಸಿ, ರಬ್ಬರಿನ ಟ್ರ್ಯಾಕ್ ಮಾಡಿ, 1957ರ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಿನಲ್ಲಿ ಮುಂದಿಟ್ಟರು. ಬೇಡಿಕೆ ಪೂರೈಸಲಾಗದೆ ಮರುವರ್ಷವೇ ಕಂಪನಿಯನ್ನು ಲೈನ್ಸ್ ಬ್ರದರ್ಸ್‌ಗೆ ಮಾರಿದರು. ಮೊದಲ ಸೆಟ್ಟುಗಳಲ್ಲಿ ಈಗಿನ ಕಂಟ್ರೋಲರ್ ಇರಲಿಲ್ಲ, ಇದ್ದದ್ದು ಬರೀ ಗುಂಡಿ. ಒತ್ತಿದರೆ ಓಟ, ಬಿಟ್ಟರೆ ನಿಲುಗಡೆ. ಬೆರಳಿನ ಒತ್ತಡಕ್ಕೆ ತಕ್ಕಂತೆ ವೇಗ ಏರಿಳಿಯುವ ಕಂಟ್ರೋಲರ್ ಬಂದದ್ದು ಆಮೇಲೆ. ಜರ್ಮನಿಯಲ್ಲಿ 1963ರಲ್ಲಿ ಕರೇರಾ ಹುಟ್ಟಿತು. ಮನೆಯಾಟದ ಪೇಟೆಯಲ್ಲಿ ಇವತ್ತಿಗೂ ಎದ್ದು ಕಾಣುವುದು ಈ ಎರಡು ಹೆಸರುಗಳೇ.

ವೈರ್‌ಲೆಸ್ಸಿನಿಂದ ಏನು ಬದಲಾಯಿತು ಎಂದು ತಿಳಿಯಲು ವೈರು ಮಾಡುತ್ತಿದ್ದ ಕೆಲಸ ಏನೆಂದು ಮೊದಲು ನೋಡಬೇಕು. ಹಳೆಯ ಕಂಟ್ರೋಲರ್ ಬಿಚ್ಚಿದರೆ ಒಳಗೆ ಸುತ್ತಿದ ಸಣ್ಣ ತಂತಿಯ ರೆಸಿಸ್ಟರ್, ಅದರ ಮೇಲೆ ಜಾರುವ ಲೋಹದ ತುಂಡು, ಕೆಳಗೊಂದು ಸ್ಪ್ರಿಂಗ್. ಟ್ರಿಗರ್ ಒತ್ತಿದಷ್ಟೂ ಲೋಹದ ತುಂಡು ಮುಂದೆ ಜಾರಿ ಕರೆಂಟಿನ ದಾರಿಯಲ್ಲಿರುವ ತಂತಿ ಕಡಿಮೆಯಾಗುತ್ತದೆ, ಮೋಟಾರಿಗೆ ಹೋಗುವ ವೋಲ್ಟೇಜ್ ಹೆಚ್ಚುತ್ತದೆ. ಅಂದರೆ ಆಡುವವನ ಬೆರಳಿಗೂ ಕಾರಿನ ಮೋಟಾರಿಗೂ ನಡುವೆ ಇರುವುದು ಬರೀ ತಾಮ್ರ. ಬಹಳ ಹೊತ್ತು ಅರ್ಧ ಟ್ರಿಗರಿನಲ್ಲೇ ಓಡಿಸಿದರೆ ಹಿಡಿ ಬೆಚ್ಚಗಾಗುವುದೂ ಇದರಿಂದಲೇ. ಕಾರಿಗೆ ಹೋಗದ ಶಕ್ತಿ ಅಂಗೈಯಲ್ಲಿ ಶಾಖವಾಗಿ ಕೂರುತ್ತದೆ.

ಟ್ರಿಗರ್ ಪೂರ್ತಿ ಬಿಟ್ಟಾಗ ನಡೆಯುವುದು ಇನ್ನೂ ಸ್ವಾರಸ್ಯ. ಮೂರು ವೈರಿನ ಕಂಟ್ರೋಲರಿನಲ್ಲಿ ಮೂರನೆಯದು ಬ್ರೇಕಿಗೆ. ಬೆರಳು ಬಿಟ್ಟ ಕೂಡಲೇ ಅದು ಮೋಟಾರಿನ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸಿಬಿಡುತ್ತದೆ. ಇನ್ನೂ ತಿರುಗುತ್ತಿರುವ ಮೋಟಾರು ಆ ಗಳಿಗೆಯಿಂದ ಜನರೇಟರ್. ತಾನೇ ಹುಟ್ಟಿಸಿದ ಕರೆಂಟು ತನ್ನ ತಿರುಗಾಟಕ್ಕೇ ಅಡ್ಡ ಬರುತ್ತದೆ, ಕಾರು ಗಕ್ಕನೆ ನಿಧಾನವಾಗುತ್ತದೆ. ಬ್ರೇಕ್ ಪ್ಯಾಡೂ ಇಲ್ಲ, ಪೆಡಲೂ ಇಲ್ಲ, ಆದರೂ ಬ್ರೇಕ್ ಉಂಟು. ಪಳಗಿದ ಆಟಗಾರರು ಗೆಲ್ಲುವುದು ವೇಗದಿಂದ ಎನ್ನುವುದಕ್ಕಿಂತ ಈ ಬ್ರೇಕನ್ನು ಎಲ್ಲಿ ಹಾಕಬೇಕೆಂಬ ಅಂದಾಜಿನಿಂದ.

ಈಗ ವೈರು ಕತ್ತರಿಸೋಣ. ಕರೆಂಟು ಗಾಳಿಯಲ್ಲಿ ಹೋಗುವುದಿಲ್ಲ, ಹೋಗುವುದು ಸುದ್ದಿ ಮಾತ್ರ. ಟ್ರಿಗರ್ ಎಷ್ಟು ಒತ್ತಿದೆ ಎಂಬುದನ್ನು ಕಂಟ್ರೋಲರಿನೊಳಗಿನ ಸೆನ್ಸರ್ ಅಂಕಿಯಾಗಿ ಬದಲಿಸುತ್ತದೆ, ಪುಟ್ಟ ರೇಡಿಯೊ ಅದನ್ನು ಸೆಕೆಂಡಿಗೆ ಹತ್ತಾರು ಸಲ ಕಳಿಸುತ್ತದೆ, ಟ್ರ್ಯಾಕಿನ ಪಕ್ಕದ ಪೆಟ್ಟಿಗೆ ಅದನ್ನು ಓದಿ ಪಟ್ಟಿಗಳಿಗೆ ಬೇಕಾದಷ್ಟು ಕರೆಂಟು ಬಿಡುತ್ತದೆ. ಲೋಹದ ಪಟ್ಟಿ, ಬ್ರೇಡ್, ಅಡಾಪ್ಟರ್ ಎಲ್ಲ ಹಾಗೇ ಉಳಿಯುತ್ತವೆ. ವೈರ್‌ಲೆಸ್ ಎಂಬ ಹೆಸರು ಕೇಳಿ ಗೋಡೆಯ ಪ್ಲಗ್ಗೂ ಬೇಡವೆಂದು ಕೊಂಡವರು ಡಬ್ಬ ಬಿಚ್ಚಿದಾಗ ಪೆಚ್ಚಾಗುತ್ತಾರೆ.

ಎಲ್ಲರೂ ಒಂದೇ ರೀತಿ ಮಾಡಿಲ್ಲ. ಕರೇರಾದ ಡಿಜಿಟಲ್ ಸೆಟ್ಟಿನಲ್ಲಿ, ಅಂದರೆ ಒಂದೇ ಲೇನಿನಲ್ಲಿ ಹಲವು ಕಾರು ಓಡಿಸಬಲ್ಲ ಬಗೆಯಲ್ಲಿ, ಪೆಟ್ಟಿಗೆಯ ಸಾಕೆಟ್ಟಿಗೆ ಒಂದು ರಿಸೀವರ್ ಚುಚ್ಚಿದರಾಯಿತು, ವೈರಿನ ಕಂಟ್ರೋಲರಿಗೂ ಜಾಗ ಇದ್ದೇ ಇರುತ್ತದೆ. ಸ್ಕೇಲೆಕ್ಸ್‌ಟ್ರಿಕ್ ತನ್ನ ಆರ್ಕ್ ಸರಣಿಯಲ್ಲಿ ಪೆಟ್ಟಿಗೆಯನ್ನೇ ಬದಲಿಸಿತು: ಆರ್ಕ್ ವನ್‌ಗೆ ವೈರಿನ ಕಂಟ್ರೋಲರ್, ಆರ್ಕ್ ಏರ್ ಮತ್ತು ಆರ್ಕ್ ಪ್ರೊಗೆ ವೈರ್‌ಲೆಸ್. ಜತೆಗೆ ಬ್ಲೂಟೂತಿನಲ್ಲಿ ಮೊಬೈಲಿಗೆ ಕೂಡಿಕೊಂಡು ಸುತ್ತು ಎಣಿಸುವುದು, ಪೆಟ್ರೋಲ್ ಖಾಲಿಯಾದಂತೆ ನಟಿಸುವುದು ಇತ್ಯಾದಿ. ಇಟಲಿಯ ಸ್ಲಾಟ್ ಡಾಟ್ ಇಟ್ ಕಂಪನಿಯ ಆಕ್ಸಿಜನ್ ವ್ಯವಸ್ಥೆ ಇನ್ನೊಂದು ಹೆಜ್ಜೆ ಮುಂದೆ. ಅದರಲ್ಲಿ ರೇಡಿಯೊ ಇರುವುದು ಕಾರಿನ ಹೊಟ್ಟೆಯಲ್ಲೇ. ಪಟ್ಟಿಗಳಲ್ಲಿ ಸದಾ ಪೂರ್ತಿ ಕರೆಂಟು, ಎಷ್ಟು ಕುಡಿಯಬೇಕೆಂದು ತೀರ್ಮಾನಿಸುವುದು ಕಾರಿನ ಚಿಪ್ಪು. ಮೂರರಲ್ಲಿ ಇದೇ ಅಚ್ಚುಕಟ್ಟು. ದುಬಾರಿಯೂ ಇದೇ, ತಲೆ ತಿನ್ನುವುದೂ ಇದೇ.

ಈ ಕಂಟ್ರೋಲರುಗಳು ಮಾತಾಡುವುದು 2.4 ಗಿಗಾಹರ್ಟ್ಸ್ ತರಂಗದಲ್ಲಿ, ಮನೆಯ ವೈಫೈ ಇರುವ ಓಣಿಯಲ್ಲೇ. ಜಾತ್ರೆಯಲ್ಲಿ ಕೊಂಡ ರಿಮೋಟ್ ಕಾರುಗಳ ಕಾಲ ನೆನಪಿರುವವರಿಗೆ ಇದರ ಬೆಲೆ ಗೊತ್ತು. ಅಣ್ಣ ತಮ್ಮಂದಿರಿಗೆ ಒಂದೇ ಬಗೆಯ ಎರಡು ಕಾರು ತಂದರೆ ಒಬ್ಬನ ರಿಮೋಟಿಗೆ ಇಬ್ಬರ ಕಾರೂ ಓಡುತ್ತಿದ್ದವು, ಆಮೇಲೆ ಮನೆಯಲ್ಲಿ ಕುರುಕ್ಷೇತ್ರ. ಈಗ ಪ್ರತಿ ಕಂಟ್ರೋಲರನ್ನೂ ಪೆಟ್ಟಿಗೆಗೆ ಮೊದಲೇ ಪರಿಚಯ ಮಾಡಿಸಿಡುತ್ತಾರೆ, ಒಂದು ಚಾನೆಲ್ಲಿನಲ್ಲಿ ಗದ್ದಲವಾದರೆ ರೇಡಿಯೊ ತಾನೇ ಇನ್ನೊಂದಕ್ಕೆ ಜಿಗಿಯುತ್ತದೆ. ಭಾರತದಲ್ಲಿ ಈ ತರಂಗಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ತೆರೆದದ್ದು 2005ರಲ್ಲಿ. ಕಡಿಮೆ ಶಕ್ತಿ ಎಂದರೆ ಎಷ್ಟು ಕಡಿಮೆ? ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ವಿಠಲ ವಿಹಾರದಿಂದಲೇ ಆಕಾಶವಾಣಿ ಶುರು ಮಾಡಿದಾಗ ಅವರ ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ಆಟದ ಕಂಟ್ರೋಲರಿಗೆ ಅದರ ಸಾವಿರದಲ್ಲೊಂದು ಪಾಲಿನ ಆಸುಪಾಸು ಸಾಕು, ಒಂದು ಹಾಲು ದಾಟಿದರೆ ಅದರ ಕೆಲಸ ಮುಗಿಯಿತು.

ಆಟಗಾರರು ಅನುಮಾನ ಪಡುವುದು ತರಂಗದ ಬಗ್ಗೆ ಅಲ್ಲ, ತಡದ ಬಗ್ಗೆ. ರೇಡಿಯೊ ಅಲೆ ಬೆಳಕಿನ ವೇಗದಲ್ಲಿ ಹೋಗುತ್ತದೆ ನಿಜ. ಆದರೆ ಸೆನ್ಸರ್ ಓದಬೇಕು, ಅಂಕಿ ಮಾಡಬೇಕು, ತನ್ನ ಸರದಿ ಬಂದಾಗ ಕಳಿಸಬೇಕು, ಆಚೆ ಕಡೆ ಬಿಡಿಸಬೇಕು. ಸೆಕೆಂಡಿಗೆ 4 ಮೀಟರ್ ಓಡುವ ಕಾರು ಎಂದಿಟ್ಟುಕೊಳ್ಳಿ. ಸಾವಿರದ 10 ಪಾಲು ಸೆಕೆಂಡ್ ತಡವಾದರೆ ಬ್ರೇಕ್ 4 ಸೆಂಟಿಮೀಟರ್ ಮುಂದೆ ಬೀಳುತ್ತದೆ, ಇದು ಯಾರಿಗೂ ಗೊತ್ತಾಗದು. ಸಾವಿರದ 50 ಪಾಲು ತಡವಾದರೆ 20 ಸೆಂಟಿಮೀಟರ್. 1:32 ಅಳತೆಯ ಕಾರಿನ ಉದ್ದವೇ 14 ಸೆಂಟಿಮೀಟರಿನ ಹತ್ತಿರ. ಅಂದರೆ ಬೆರಳು ಬಿಟ್ಟ ಮೇಲೂ ಕಾರು ತನ್ನ ಉದ್ದಕ್ಕಿಂತ ಹೆಚ್ಚು ದೂರ ಅದೇ ವೇಗದಲ್ಲಿ ನುಗ್ಗಿ ತಿರುವಿನಲ್ಲಿ ಪಲ್ಟಿ.

ಇದನ್ನು ಅಂಗಡಿಯವರ ಮಾತಿನ ಮೇಲೆ ನಂಬಬೇಕಿಲ್ಲ, ಮನೆಯಲ್ಲೇ ನೋಡಬಹುದು. ಉದ್ದದ ನೇರ ರಸ್ತೆಯ ಬದಿಗೆ ಒಂದು ತುಂಡು ಬಣ್ಣದ ಟೇಪ್ ಅಂಟಿಸಿ. ವೈರಿನ ಕಂಟ್ರೋಲರಿನಲ್ಲಿ ಪೂರ್ತಿ ಒತ್ತಿ, ಕಾರಿನ ಮೂತಿ ಟೇಪ್ ಮುಟ್ಟಿದ ಕೂಡಲೇ ಬೆರಳು ಬಿಡಿ. ನಿಂತ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಹಲವು ಸಲ ಮಾಡಿ ನಡುವಿನದನ್ನು ತೆಗೆದುಕೊಳ್ಳಿ. ಅದೇ ಕಾರು, ಅದೇ ಲೇನ್, ಕೈಯಲ್ಲಿ ಮಾತ್ರ ವೈರ್‌ಲೆಸ್. ಗುರುತುಗಳ ನಡುವೆ ಒಂದು ಕಾರಿನಷ್ಟು ಅಂತರ ಕಂಡರೆ ಎರಡರಲ್ಲೊಂದು: ಸುದ್ದಿ ತಡವಾಗಿ ತಲುಪುತ್ತಿದೆ, ಇಲ್ಲವೇ ಪೆಟ್ಟಿಗೆ ಕರೆಂಟು ಕಡಿಯುತ್ತಿದೆಯೇ ಹೊರತು ಬ್ರೇಕ್ ಹಾಕುತ್ತಿಲ್ಲ. ಎರಡನೆಯದನ್ನು ಪತ್ತೆ ಮಾಡುವುದು ಸುಲಭ. ಬ್ರೇಕ್ ಇಲ್ಲದ ಕಾರು ಕಣ್ಣಿಗೆ ಕಾಣುವಷ್ಟು ಹೊತ್ತು ತೇಲುತ್ತ ಹೋಗುತ್ತದೆ. ಹಳೆಯ ಅನಲಾಗ್ ಟ್ರ್ಯಾಕಿಗೆ ಅಗ್ಗದ ವೈರ್‌ಲೆಸ್ ಕಿಟ್ ಕೂರಿಸುವವರು ಮೊದಲು ನೋಡಬೇಕಾದ್ದು ಇದನ್ನೇ. ಡಬ್ಬದ ಮೇಲೆ ಬರೆದ ಮೀಟರುಗಳ ರೇಂಜನ್ನಲ್ಲ. ಹಾಲಿನಲ್ಲಿ ಆಡುವವನಿಗೆ ರೇಂಜ್ ಎಷ್ಟಿದ್ದರೇನು!

ಪಕ್ಕದಲ್ಲಿ ಮೈಕ್ರೊವೇವ್ ಓವನ್ ಹಚ್ಚಿ, ಯಾರಾದರೂ ಮೊಬೈಲಿನಲ್ಲಿ ಸಿನಿಮಾ ಇಳಿಸುತ್ತಿರುವಾಗ ಒಮ್ಮೆ ಓಡಿಸಿ ನೋಡುವುದೂ ಒಳ್ಳೆಯದು. ಓವನ್ನಿನ ಅಲೆಯೂ ಇದೇ ಓಣಿಯದು. ಕಾರು ಮಧ್ಯೆ ಮಧ್ಯೆ ಮುಗ್ಗರಿಸಿದರೆ ಮಾತ್ರ ತಕ್ಷಣ ರೇಡಿಯೊವನ್ನು ದೂರಬಾರದು. ಹತ್ತರಲ್ಲಿ ಒಂಬತ್ತು ಸಲ ತಪ್ಪು ಬ್ರೇಡಿನದು.

ನಾರಾಯಣಪುರದಂಥ ಊರಿನ ಮನೆಯಲ್ಲಿ ಟ್ರ್ಯಾಕ್ ಹಾಸಿದರೆ ಈ ಮಾತು ಇನ್ನೂ ನಿಜ. ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯಕ್ಕೆ ಹೆಸರಾದ, ಬಸವಕಲ್ಯಾಣದ ಪಕ್ಕದ ಈ ಊರಿನ ಸೀಮೆಯಲ್ಲಿ ಶಹಾಬಾದ್ ಕಲ್ಲಿನ ನೆಲದ ಮನೆಗಳು ಹೊಸತಲ್ಲ. ಟ್ರ್ಯಾಕಿಗೆ ಆ ನೆಲ ಬಲು ಒಳ್ಳೆಯದು: ಸಮತಟ್ಟು, ತಂಪು, ಜಮಖಾನೆಯ ನೂಲು ಗಾಲಿಯ ಅಚ್ಚಿಗೆ ಸುತ್ತಿಕೊಳ್ಳುವ ಕಾಟವಿಲ್ಲ. ಆದರೆ ಬೇಸಿಗೆಯ ಗಾಳಿ ಹೊತ್ತು ತರುವ ಧೂಳು ಬಾಗಿಲು ಹಾಕಿದರೂ ಬಿಡುವುದಿಲ್ಲ. ಪಟ್ಟಿಯ ಮೇಲೆ ಧೂಳಿನ ಸಣ್ಣ ಪದರ ಕೂತರೆ ಸಾಕು, ಬ್ರೇಡ್ ಮತ್ತು ಪಟ್ಟಿಯ ನಡುವೆ ನೀಲಿ ಕಿಡಿ ಹಾರುತ್ತದೆ, ಕಿಡಿ ಹಾರಿದಲ್ಲಿ ಕಪ್ಪು ಕಟ್ಟುತ್ತದೆ, ಕಪ್ಪು ಕಟ್ಟಿದಲ್ಲಿ ಕಾರು ನಿಲ್ಲುತ್ತದೆ. ಆಟಕ್ಕೆ ಮುಂಚೆ ಒಣ ಬಟ್ಟೆಯಲ್ಲಿ ಪಟ್ಟಿ ಒರೆಸಿ, ಬ್ರೇಡಿನ ಎಳೆಗಳನ್ನು ಉಗುರಿನಿಂದ ಬಿಡಿಸಿ ಬೀಸಣಿಗೆ ಮಾಡಿಟ್ಟರೆ ಅರ್ಧ ದೂರು ಅಲ್ಲೇ ಮುಗಿಯುತ್ತವೆ. ಡಿಜಿಟಲ್ ಕಾರಿಗೆ ಇದು ಇನ್ನೂ ಮುಖ್ಯ. ಆಕ್ಸಿಜನ್‌ನಂಥದನ್ನು ಬಿಟ್ಟರೆ ಪಟ್ಟಿಗಳ ಮೂಲಕ ಕರೆಂಟಿನ ಜತೆ ಸಂದೇಶವೂ ಹರಿಯುವುದರಿಂದ ಕ್ಷಣ ಸಂಪರ್ಕ ತಪ್ಪಿದರೂ ಚಿಪ್ಪು ತಬ್ಬಿಬ್ಬಾಗುತ್ತದೆ. ಅದಕ್ಕೆ ಗಾಳಿಯಲ್ಲಿ ಬಂದ ಸುದ್ದಿ ಎಷ್ಟು ಶುದ್ಧವಾಗಿದ್ದರೂ ಕೊನೆಯ ಒಂದು ಅಂಗುಲದ ಧೂಳು ಎಲ್ಲ ಕೆಡಿಸುತ್ತದೆ.

ಕರೆಂಟು ಹೋಗುವ ಊರಿನಲ್ಲಿ ಇನ್ನೊಂದು ಲೆಕ್ಕ ಇದೆ. ಟ್ರ್ಯಾಕಿಗೆ ಬೇಕಾದ್ದು 12ರಿಂದ 18 ವೋಲ್ಟ್ ಡಿಸಿ, ಮನೆಯ ಇನ್ವರ್ಟರ್ ಅದನ್ನು ಲೀಲಾಜಾಲವಾಗಿ ಎಳೆಯುತ್ತದೆ. ಕೈಕೊಡುವುದು ಕಂಟ್ರೋಲರಿನ ಬ್ಯಾಟರಿ. ವೈರಿನ ಕಂಟ್ರೋಲರ್ ಹತ್ತು ವರ್ಷ ಅಟ್ಟದ ಮೇಲಿದ್ದು ಇಳಿದರೂ ಓಡುತ್ತದೆ, ವೈರ್‌ಲೆಸ್ಸಿನದು ಹಾಗಲ್ಲ. ಸಾಮಾನ್ಯ ಸೆಲ್ ಹಾಕುವ ಮಾದರಿಯಾದರೆ ಸೆಲ್ ಸೋರಿ ಒಳಗೆ ಕಿಲುಬು ಹಿಡಿಯುತ್ತದೆ, ಚಾರ್ಜ್ ಮಾಡುವ ಲಿಥಿಯಂ ಮಾದರಿಯಾದರೆ ವರ್ಷಗಟ್ಟಲೆ ಬಿಟ್ಟದ್ದು ಮತ್ತೆ ಏಳುವುದಿಲ್ಲ. ಹಳ್ಳಿಗೆ ಒಯ್ಯುವವರು ಅಂಗಡಿಯಲ್ಲಿ ಎಲ್ಲೆಂದರಲ್ಲಿ ಸಿಗುವ ಸೆಲ್ಲಿನ ಮಾದರಿ ಆರಿಸುವುದೇ ಜಾಣತನ. ದುರಸ್ತಿಯ ವಿಚಾರದಲ್ಲೂ ವೈರಿನದೇ ಮೇಲುಗೈ. ಲಾರಿ ಗ್ಯಾರೇಜುಗಳಿರುವ ಬಸವಕಲ್ಯಾಣ, ಹುಮನಾಬಾದಿನ ಹೆದ್ದಾರಿ ಬದಿಯಲ್ಲಿ ಸುಟ್ಟ ರೆಸಿಸ್ಟರನ್ನು ಬೆಸುಗೆ ಹಾಕಿ ಕೊಡುವ ಕೈಗಳಿಗೆ ಬರವಿಲ್ಲ, ರೇಡಿಯೊ ಚಿಪ್ಪು ಸತ್ತರೆ ಅದೇ ಕೈಗಳು ಏನೂ ಮಾಡಲಾರವು.

ಇಷ್ಟಾದರೂ ಒಂದು ಸಂಜೆ ನಾಲ್ಕು ಜನ ಕೂಡಿ ಆಡಿದ ಮೇಲೆ ವೈರಿಗೆ ಮರಳಲು ಮನಸ್ಸಾಗದು. ಡಿಜಿಟಲ್ ಸೆಟ್ಟಿನಲ್ಲಿ ಎರಡೇ ಲೇನಿನಲ್ಲಿ ಆರು ಕಾರು ಓಡಬಹುದು, ಗುಂಡಿ ಒತ್ತಿ ಲೇನ್ ಬದಲಿಸಬಹುದು. ಆರು ಜನರೂ ಒಂದೇ ಪೆಟ್ಟಿಗೆಯ ಮುಂದೆ ಮುದುರಿ ಕೂರುವುದು ಯಾವ ಹಾಲಿನಲ್ಲೂ ಆಗುವ ಮಾತಲ್ಲ. ವೈರ್‌ಲೆಸ್ ಇದ್ದರೆ ಒಬ್ಬರು ಮೆಟ್ಟಿಲ ಮೇಲೆ, ಒಬ್ಬರು ಮಂಚದ ತುದಿಗೆ, ಮೊಣಕಾಲು ನೋವಿನ ಅಜ್ಜ ಕುರ್ಚಿಯಲ್ಲೇ. ಪ್ರತಿ ಕೆಟ್ಟ ತಿರುವಿನ ಬಳಿಯೂ ಒಬ್ಬ ಆಟಗಾರ ಇರುವುದರಿಂದ ಬಿದ್ದ ಕಾರು ಎತ್ತಿಡಲು ಯಾರೂ ಓಡಬೇಕಿಲ್ಲ. ದೊಡ್ಡವರ ಕ್ಲಬ್ಬುಗಳಲ್ಲಿ ಕಾರು ಎತ್ತಿಡಲೆಂದೇ ಮಾರ್ಷಲ್‌ಗಳನ್ನು ನಿಲ್ಲಿಸುವ ಪದ್ಧತಿ ಇದೆ, ಮನೆಯಲ್ಲಿ ಆ ಕೆಲಸ ಆಟಗಾರರ ಕೈಗೇ ಬರುತ್ತದೆ.

ಸುತ್ತಿನ ಸಮಯವನ್ನು ಸೆಕೆಂಡಿನ ನೂರನೇ ಪಾಲಿನಲ್ಲಿ ಅಳೆದು ಕಾದಾಡುವವರು ಒಳ್ಳೆಯ ವೈರಿನ ಕಂಟ್ರೋಲರ್ ಬಿಟ್ಟುಕೊಡಬೇಕಾದ ಕಾರಣವಿಲ್ಲ. ಮಕ್ಕಳಿಗೆ ಕೊಳ್ಳುವವರು ಸೆಟ್ಟಿನ ಡಬ್ಬದ ಮೇಲೆ ಐಎಸ್‌ಐ ಗುರುತು ಹುಡುಕಲಿ. ಭಾರತದಲ್ಲಿ ಮಾರುವ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಅದು ಕಡ್ಡಾಯ. ವಿದೇಶದ ನೆಂಟರು ಸೆಟ್ ತರುವುದಾದರೆ ಅಡಾಪ್ಟರಿನ ಮೇಲೆ 230 ವೋಲ್ಟ್ ಎಂದು ಬರೆದಿದೆಯೇ ನೋಡಲು ಹೇಳಿ, ಅಮೆರಿಕದ 120 ವೋಲ್ಟಿನದನ್ನು ಇಲ್ಲಿನ ಪ್ಲಗ್ಗಿಗೆ ಚುಚ್ಚಿದರೆ ಮೊದಲ ಸುತ್ತಿಗೆ ಮುಂಚೆಯೇ ಹೊಗೆ. ಪೆಟ್ಟಿಗೆಯಲ್ಲಿ ವೈರಿನ ಸಾಕೆಟ್ ಉಳಿಸಿರುವ ಮಾದರಿ ಸಿಕ್ಕರೆ ಅದನ್ನೇ ಕೊಳ್ಳುವುದು ಲೇಸು. ಬ್ಯಾಟರಿ ಸತ್ತ ರಾತ್ರಿಯೂ ಇಬ್ಬರು ಆಟ ಮುಂದುವರಿಸಬಹುದು.